ಭೀಮನಬೀಡಿನ ಆರು ಟೆಂಟುಗಳು

"ಕೆಲ್ಸ ವಾಪಸ್ ಕೊಡ್ಸಿ ಅಂತ ಬಂದಿಲ್ಲ ಟೀಚರ್. ನನ್ ಹೆಸ್ರು ಕೆಡಿಸ್ದೋರು ಯಾರು ಅಂತ ಗೊತ್ತಾಗ್ಬೇಕು. ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಶಿವರಂಜಿನಿ ಹೀಗೆಂದಾಗ ನಾನು ಚಾಮರಾಜನಗರದಲ್ಲಿ ನಾಗಮಣಿ ಟೀಚರ ಮನೆಯ ಜಗುಲಿಯ ಮೇಲೆ ಕೂತು ಕಾಫಿ ಆರಿಸುತ್ತಿದ್ದೆ. ನಾನು ಪುಟ್ಟಮಾದು, ಮೂವತ್ತೆರಡು ವರ್ಷ ಬಸ್ಸು ಓಡಿಸಿ ಸೊಂಟ ಕಳೆದುಕೊಂಡವನು. ಟೀಚರ್ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ತಪ್ಪು ಹೊಲಿಗೆ ಹುಡುಕುವ ಆ ಕಣ್ಣಿನಿಂದ ಊರವರ ಕಳವು, ಮೋಸ ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು, ಕೇಳದಿದ್ದರೂ ಅಭಿಪ್ರಾಯ ಹೇಳುವುದು, ಇವೆರಡು ನನ್ನ ಕೆಲಸ.

ಹುಡುಗಿಯ ಕಷ್ಟ ಇಷ್ಟು. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಹತ್ತಿರ ಸೋಮೇಶ್ ಎಂಬ ಜಮೀನುದಾರ ಎಂಟು ಕ್ಯಾನ್ವಾಸ್ ಟೆಂಟು ಹಾಕಿ ಪ್ರವಾಸಿಗಳನ್ನು ಇಳಿಸುತ್ತಿದ್ದ. ಟೆಂಟುಗಳ ಪಾಲನೆ ಶಿವರಂಜಿನಿಯದು. ಕಾಡಿನ ಬೆಂಕಿಯ ಭಯಕ್ಕೆ ಫೆಬ್ರವರಿಯಲ್ಲಿ ಕ್ಯಾಂಪು ಮುಚ್ಚಿದಾಗ ಅವಳೇ ಎಲ್ಲವನ್ನೂ ಸುತ್ತಿ ಗೋದಾಮಿಗೆ ಇಟ್ಟಿದ್ದಳು. ಜೂನಿನ ಮಳೆಗೆ ಬಿಚ್ಚಿದರೆ ಎಂಟರಲ್ಲಿ ಆರಕ್ಕೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಎರಡು ಟೆಂಟು ಹಗ್ಗ ಎಳೆದ ಕೂಡಲೇ ಹರಿದವು. ಒದ್ದೆ ಬಟ್ಟೆ ಸುತ್ತಿಟ್ಟಳೆಂದು ಸೋಮೇಶ್ ಅವಳನ್ನು ಓಡಿಸಿದ. ಅಷ್ಟು ಸಾಲದೆ ಬಂಡೀಪುರದ ಕಡೆಯ ಕ್ಯಾಂಪಿನವರಿಗೆಲ್ಲ ಫೋನು ಮಾಡಿ, ಇವಳನ್ನು ಸೇರಿಸಬೇಡಿ ಎಂದ. ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

"ಒಣಗಿಸಿದ್ದು ಹೇಗೆ?" ಎಂದರು ಟೀಚರ್.

"ಮೂರು ದಿನ ಬಿಸ್ಲಿಗಾಕಿ, ಒಳಮೈ ಹೊರಮೈ ಎರಡೂ ತಿರುಗ್ಸಿ. ಅಂಚಲ್ಲಿ ಬಟ್ಟೆ ನಾಕು ಪದ್ರ ಇರ್ತದೆ, ಅದು ಕಡೇಲಿ ಒಣಗೋದು. ಅದು ಒಣಗೋಗಂಟ ನಾನು ಸುತ್ತಕ್ಕಿಲ್ಲ."

ಟೀಚರ್ ಚಪ್ಪಲಿ ಮೆಟ್ಟಿದರು. ನಾನು ಸ್ಕೂಟರ್ ತೆಗೆದೆ.

ಸೋಮೇಶ್ ಗೋದಾಮಿನ ಬಾಗಿಲಲ್ಲೇ ನಿಂತಿದ್ದ. "ಬಟ್ಟೆ ಒಣಗ್ಸೋಕೆ ಬರ್ದೇ ಇರೋಳ್ ಪರವಾಗಿ ಬಂದಿದ್ದೀರಲ್ಲ ಟೀಚರ್," ಎಂದು ಕುಟುಕಿದ. ಪಕ್ಕದಲ್ಲಿದ್ದ ಮ್ಯಾನೇಜರ್ ದಿಲೀಪ್ ಎತ್ತರದ ಆಸಾಮಿ, ಮೈಸೂರಿನವನು. "ನಾನ್ ಮೊದ್ಲೇ ಹೇಳಿದ್ದೆ ಮೇಡಂ. ಮಳೆಗೆ ನೈಲಾನ್ ತಗೊಳ್ಳಿ, ಒರೆಸಿ ಮಡಚಿಟ್ರೆ ಆಯ್ತು ಅಂತ. ಸಾರ್ ಕೇಳ್ಲಿಲ್ಲ."

"ಕ್ಯಾನ್ವಾಸ್ ಒಳಗೆ ಮನುಷ್ಯರು ಉಸಿರಾಡ್ಬೋದು ಕಣಯ್ಯ," ಎಂದರು ಟೀಚರ್. "ನಿನ್ನ ನೈಲಾನಲ್ಲಿ ಮಲಗಿದೋರು ಬೆಳಿಗ್ಗೆ ತಮ್ಮ ಬೆವರಲ್ಲೇ ನೆಂದಿರ್ತಾರೆ."

ನೈಲಾನ್ ತರಿಸಲು ಟೆಂಟು ಕೆಡಿಸಿದವನು ದಿಲೀಪನೇ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಟೀಚರ ಕಿವಿಯಲ್ಲಿ ಹೇಳಿಯೂ ಬಿಟ್ಟೆ. ಅವರು ಸೊಳ್ಳೆ ಓಡಿಸಿದಂತೆ ಕೈ ಆಡಿಸಿದರು.

ಹಾಳಾದ ಆರರಲ್ಲಿ ಒಂದು ಸುರುಳಿ ಹೊರಗೇ ಕಪ್ಪಾಗಿದ್ದರಿಂದ ಅದನ್ನು ಪೂರ್ತಿ ಬಿಚ್ಚಿರಲಿಲ್ಲ. ಟೀಚರ್ ಅದನ್ನು ಪದರ ಪದರವಾಗಿ ಬಿಡಿಸಿದರು. ಮೇಲಿನ ಮೂರು ಸುತ್ತು ಕಪ್ಪು. ಆಮೇಲೆ ಬರೀ ಕಲೆ. ನಡುವಿನ ಬಟ್ಟೆ ಗರಿಗರಿಯಾಗಿತ್ತು, ಬಿಸಿಲಿನ ವಾಸನೆಯೂ ಹೋಗಿರಲಿಲ್ಲ. ಹೊರಗಿನ ಬೂಷ್ಟಿನ ಮೇಲೆ ಜರಡಿ ಒತ್ತಿದಂತೆ ಒರಟು ಚೌಕಗಳ ಗುರುತು, ಅದರಲ್ಲಿ ಕಂದು ನಾರಿನ ಎಳೆಗಳು. ಹಗ್ಗ ಪೋಣಿಸುವ ಹಿತ್ತಾಳೆ ಬಳೆಯೊಂದರಲ್ಲಿ ತೆಳ್ಳಗೆ ಸೀಳಿದ ಬಾಳೆನಾರು ಸಿಕ್ಕಿಕೊಂಡಿತ್ತು. ಸಿಮೆಂಟು ನೆಲದಲ್ಲಿ ಧೂಳು ಹಾಗೇ ಇತ್ತು, ನೀರು ಹರಿದ ಗೆರೆ ಒಂದೂ ಇರಲಿಲ್ಲ. ಕೆಡದೆ ಉಳಿದ ಎರಡು ಟೆಂಟುಗಳನ್ನು ಅಟ್ಟದ ಮೇಲೆ ಇಟ್ಟಿದ್ದರು.

"ಏಣಿ ಇದೆಯಾ?"

"ಇಲ್ಲ ಮೇಡಂ, ನಾನು ಕೈ ಚಾಚಿ ತೆಗೀತೀನಿ," ಎಂದ ದಿಲೀಪ್.

ಗೋದಾಮಿನ ಬೀಗದ ಕೈ ಸೋಮೇಶನ ಮನೆಯ ಪಡಸಾಲೆಯ ಮೊಳೆಗೆ ನೇತಾಡುತ್ತಿತ್ತು. ಅದರ ಕೆಳಗೆ ಅವನ ಚಿಕ್ಕಪ್ಪ ಚಿಕ್ಕಮಲ್ಲಪ್ಪ ಕೂತಿದ್ದ. ಗಿಡ್ಡ ಆಳು, ಹಣೆ ತುಂಬ ವಿಭೂತಿ. ಉಡಿಗಾಲದಿಂದ ವೀಳ್ಯದೆಲೆ ತರಿಸಿ ಗುಂಡ್ಲುಪೇಟೆಯ ಅಂಗಡಿಗಳಿಗೆ ಹಾಕುತ್ತಿದ್ದ. ಪಕ್ಕದಲ್ಲಿದ್ದ ಬುಟ್ಟಿಯ ಮೇಲಿನ ನೆನೆದ ಗೋಣಿ ಸರಿಸಿ, ಕಟ್ಟು ಬಿಚ್ಚಿ ನನಗೆ ನಾಲ್ಕು ಎಲೆ ಕೊಟ್ಟ.

"ಮೊದ್ಲಾದ್ರೆ ನಮ್ ತೋಟದ್ದೇ ಕೊಡ್ತಿದ್ದೆ ಕಣಪ್ಪ."

ವಾಪಸು ಹೋಗುವಾಗ ಟೀಚರ್ ಕ್ಯಾಂಪಿನ ಬಳಿ ಸ್ಕೂಟರ್ ನಿಲ್ಲಿಸಲು ಹೇಳಿದರು. ಟೆಂಟು ಹಾಕುವ ಕಟ್ಟೆಗಳ ನಡುವೆ ಸಾಲುಸಾಲಾಗಿ ಕಡಿದ ಅಗಸೆ ಮರದ ಬುಡಗಳು. ವೀಳ್ಯದ ಬಳ್ಳಿ ಹಬ್ಬಿಸಲು ನೆಡುವ ಮರ ಅದು. ನನಗೆ ಬರೀ ಬುಡಗಳು ಕಂಡವು.

ಮಾರನೆಯ ದಿನ ಹನ್ನೊಂದಕ್ಕೆ ಟೀಚರ್ ಎಲ್ಲರನ್ನೂ ಗೋದಾಮಿನಲ್ಲಿ ಸೇರಿಸಿದರು. ಹೊರಗೆ ಜಿಟಿಜಿಟಿ ಮಳೆ. ಶಿವರಂಜಿನಿ ಕೈಕಟ್ಟಿ, ಒಬ್ಬೊಬ್ಬರ ಮುಖವನ್ನೂ ಸುಡುವಂತೆ ನೋಡುತ್ತ ನಿಂತಿದ್ದಳು.

"ಬೇಸಿಗೇಲಿ ಈ ಬಟ್ಟೆ ಕೆಡಿಸ್ಬೇಕು ಅಂದ್ರೆ ನೀವೇನ್ ಮಾಡ್ತೀರಿ?" ಎಂದು ಕೇಳಿದರು ಟೀಚರ್.

"ಒಂದು ಕೊಡ ನೀರು ಉಯ್ದ್ರಾಯ್ತು," ಎಂದ ಸೋಮೇಶ್.

"ಪೈಪ್ ಬಿಟ್ರೆ ಸಾಕು ಮೇಡಂ," ಎಂದ ದಿಲೀಪ್.

ಚಿಕ್ಕಮಲ್ಲಪ್ಪ ನಕ್ಕುಬಿಟ್ಟ. "ಏನೂ ಗೊತ್ತಿಲ್ವಲ್ರಲಾ ನಿಮ್ಗೆ. ಮಾರ್ಚ್ ಬಿಸ್ಲಲ್ಲಿ ಉಯ್ದ ನೀರು ಸಂಜೆಗಂಟ ನಿಲ್ತದಾ? ಅರ್ಧ ನೆಲಕ್ಕೋಯ್ತದೆ, ಅರ್ಧ ಆವಿಯಾಯ್ತದೆ. ತೇವ ಓಗ್ದಂಗೆ ದಿನಾ ಕಾಯ್ಬೇಕು." ಅಷ್ಟು ಹೇಳಿ ಬಾಯಿ ಮುಚ್ಚಿದ.

"ಹೇಗೆ ಕಾಯೋದು ಯಜಮಾನ್ರೆ?" ಎಂದರು ಟೀಚರ್.

ಟೀಚರೇ ಹೇಳಿದರು.

"ಒದ್ದೆ ಟೆಂಟು ಸುತ್ತಿಟ್ರೆ ಬೂಷ್ಟು ನಡುವಿಂದ ಶುರುವಾಗತ್ತೆ, ಗಾಳಿ ಆಡದ ಜಾಗ ಅದು. ಇಲ್ಲಿ ನಡು ಗರಿಗರಿ, ಹೊರಗೆ ಕಪ್ಪು. ಅಂದ್ರೆ ಈ ಹುಡುಗಿ ಒಣಗಿಸಿಯೇ ಸುತ್ತಿದ್ಲು, ತೇವ ಆಮೇಲೆ ಹೊರಗಿಂದ ಬಂತು. ನೀರು ಸುರಿದಿದ್ರೆ ನೆಲದ ಧೂಳಲ್ಲಿ ಗೆರೆ ಇರ್ಬೇಕಿತ್ತು, ಇಲ್ಲ. ಬೂಷ್ಟಿನ ಮೇಲಿನ ಚೌಕ ಗೋಣಿಯ ನೇಯ್ಗೆ. ಒದ್ದೆ ಗೋಣಿ ಹೊದಿಸಿ, ಬಾಳೆನಾರಲ್ಲಿ ಬಿಗಿದು, ದಿನಾ ನೀರು ಚಿಮುಕಿಸಿದ್ದಾರೆ. ದಿಲೀಪನಿಗೆ ಇದು ಹೊಳೀತಿರ್ಲಿಲ್ಲ, ಅವನಾದ್ರೆ ಅಟ್ಟದ ಮೇಲಿನ ಎರಡನ್ನೂ ಬಿಡ್ತಿರ್ಲಿಲ್ಲ. ಸೋಮೇಶ್ ತನ್ನ ಟೆಂಟು ತಾನೇ ಕೊಳೆಸೋದಿಲ್ಲ. ಎತ್ತರ ಕೈಗೆಟುಕದೋರು, ಬೀಗದ ಕೈ ತಲೆ ಮೇಲೇ ಇರೋರು, ತೇವ ಕಾಯೋದು ಅಂದ್ರೆ ನೆನೆದ ಗೋಣಿ, ಬಾಳೆನಾರು ಅಂತ ಕೈಗೇ ಅಭ್ಯಾಸ ಆಗಿರೋರು ಒಬ್ರೇ. ವೀಳ್ಯದೆಲೆ ಕಾಯೋದು ಹಾಗೇ ಅಲ್ವಾ? ಹೊರಗಿರೋ ಅಗಸೆ ಬುಡ ನೋಡಿದ್ಮೇಲೆ ಕಾರಣಾನೂ ಸಿಕ್ತು."

ಚಿಕ್ಕಮಲ್ಲಪ್ಪ ತಲೆ ತಗ್ಗಿಸಲಿಲ್ಲ. ಸೋಮೇಶನನ್ನೇ ನೋಡಿದ.

"ಮೂವತ್ತೊರ್ಸ ಸಾಕಿದ್ ಬಳ್ಳಿ. ನಾನು ಆಸ್ಪತ್ರೇಲಿ ಮನ್ಗಿದ್ದಾಗ ಜೆಸಿಬಿ ತಂದು ಕಿತ್ತಾಕ್ಬುಟ್ಟೆ. ವಾಪಸ್ ಬಂದು ನೋಡಿದ್ರೆ ನನ್ ತೋಟದಲ್ಲಿ ಬಟ್ಟೆ ಮನೆ. ಅದ್ಕೇ ಕೊಳೀಲಿ ಅಂದೆ. ಎರಡು ತಿಂಗ್ಳು ದಿನಾ ನೀರಾಕ್ದೆ, ಬಳ್ಳಿಗಾಕ್ದಂಗೆ. ಇನ್ನೊಂದ್ಸತಿ ಸಿಕ್ರೂ ಮಾಡ್ತೀನಿ ಕಣ್ಲಾ."



"ಬಳ್ಳಿ ಕಿತ್ತೋರು ಅವ್ರು," ಎಂದಳು ಶಿವರಂಜಿನಿ. "ಕೊಳೆತಿದ್ದು ನನ್ ಹೆಸ್ರು."

ಮುದುಕನ ದನಿ ಇಳಿಯಿತು. "ನಿನ್ ಮ್ಯಾಲೆ ಬತ್ತದೆ ಅಂತ ಅನ್ಕೊಂಡಿರ್ನಿಲ್ಲ ಕಣಮ್ಮಿ."

"ಬಂದ್ಮೇಲೂ ಎಲೆ ಹಾಕ್ಕೊಂಡು ಸುಮ್ಗೇ ಕೂತಿದ್ರಲ್ಲ ಯಜಮಾನ್ರೆ."

ಸೋಮೇಶ್ ಅಲ್ಲೇ ಫೋನು ತೆಗೆದ. ಕ್ಯಾಂಪಿನವರಿಗೆಲ್ಲ ಒಬ್ಬೊಬ್ಬರಿಗೂ ಕರೆ ಮಾಡಿ, ತಪ್ಪು ನಮ್ಮ ಮನೆಯದೇ ಎಂದು ಹೇಳಬೇಕಾಯಿತು. ಹುಡುಗಿ ಎದುರಿಗೆ ನಿಂತು ಒಂದೊಂದು ಕರೆಯನ್ನೂ ಕೇಳಿಸಿಕೊಂಡಳು. ಆಮೇಲೆ ಚಿಕ್ಕಪ್ಪನ ಮೇಲೆ ಪೊಲೀಸರ ಮಾತೆತ್ತಿದ ಸೋಮೇಶನನ್ನು ಅವಳೇ ತಡೆದಳು.

"ನಾನು ಕೆಲ್ಸಕ್ಕೆ ಬತ್ತೀನಿ. ನಾಕು ಟೆಂಟು ಉಳಿಸ್ಬೋದು. ಯಜಮಾನ್ರು ನನ್ ಕೈಕೆಳ್ಗೆ ಕೂತು ಮಾಡ್ಲಿ, ನಾನು ಸಾಕು ಅನ್ನೋಗಂಟ."

ಎರಡು ವಾರ ಕಳೆದು ನಾನು ಮತ್ತು ಟೀಚರ್ ಅತ್ತ ಹೋದೆವು. ಮಳೆ ಬಿಡುವು ಕೊಟ್ಟಿತ್ತು. ಚಿಕ್ಕಮಲ್ಲಪ್ಪ ಪಂಚೆ ಎತ್ತಿ ಕಟ್ಟಿ, ಬಿಸಿಲಿನಲ್ಲಿ ಟೆಂಟಿನ ಬಟ್ಟೆ ತಿರುಗಿಸುತ್ತಿದ್ದ. ಸೋಪು ಹಾಕಿದರೆ ಬಟ್ಟೆ ಮಳೆ ತಡೆಯುವುದಿಲ್ಲವೆಂದು ಅವಳು ಬರೀ ಬ್ರಷ್ಷು ಕೊಟ್ಟಿದ್ದಳು. ಉಜ್ಜಿ ಉಜ್ಜಿ ಅವನ ಬೆರಳು ಸುಲಿದಿದ್ದವು.

"ಒಣಗ್ತೇನವ್ವಾ?" ಎಂದು ಕೇಳಿದ.

ಶಿವರಂಜಿನಿ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದಳು. "ಇಲ್ಲ. ನಾಳೆ ಇನ್ನೊಂದ್ಸತಿ ಹರಡಿ."

ಟೀಚರ್ ಬಗ್ಗಿ ಅಂಚು ಮುಟ್ಟಿ ನೋಡಿ ನನ್ನ ಪಕ್ಕಕ್ಕೆ ಬಂದರು.

"ಒಣಗಿ ನಾಕು ದಿನ ಆಗಿದೆ ಮಾದಣ್ಣ," ಎಂದರು ಮೆಲ್ಲಗೆ.

"ಅವಳಿಗೆ ಹೇಳಣ್ವಾ ಟೀಚರ್?"

"ಅವಳಿಗೆ ಗೊತ್ತು. ಸ್ಕೂಟರ್ ತೆಗಿ."