ಮಾತಾಡೋ ಬಟ್ಟೆ ಕಳುವಾದದ್ದು

ತಾಯಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ನೀರಿನ ಬಾಟಲಿ ಬಿತ್ತು, ಬದಲಿ ಚಡ್ಡಿ ಬಿತ್ತು, ಒಂಟಿ ಕಾಲುಚೀಲ ಬಿತ್ತು. ಬಟ್ಟೆ ಮಾತ್ರ ಬೀಳಲಿಲ್ಲ.

ಅದು ಬರೀ ಬಟ್ಟೆಯಲ್ಲ. ಎರಡೂವರೆ ವರ್ಷದ ಗುಬ್ಬಿಗೆ ಇನ್ನೂ ಮಾತು ಬಂದಿರಲಿಲ್ಲ. ಟೈಲರಿಂಗ್ ಮಾಡುವ ತಾಯಿ ಉಳಿದ ತುಂಡುಗಳನ್ನೆಲ್ಲ ಜೋಡಿಸಿ, ಸಾಲಾಗಿ ಜೇಬು ಹೊಲಿದು, ಒಂದೊಂದರಲ್ಲಿ ಒಂದೊಂದು ಚಿತ್ರ ಇಟ್ಟಿದ್ದಳು — ನೀರು, ಚೆಂಡು, ನಿದ್ದೆ, ಅಜ್ಜಿ, ಟಿವಿ. ಗುಬ್ಬಿ ಯಾವುದರ ಮೇಲೆ ಬೆರಳಿಡುತ್ತಾಳೋ ಅದೇ ಅವಳ ಮಾತು.

“ಅತ್ತೆ, ಬಟ್ಟೆ ನೀವೇನಾದ್ರೂ ತೆಗೆದಿಟ್ರಾ?”

“ನಾನ್ಯಾಕೆ ತೆಗೀಲಿ?”

“ಚಿತ್ರ ತೋರಿಸ್ತಾ ಕೂತ್ರೆ ಮಗು ಬಾಯೇ ಬಿಡಲ್ಲ ಅಂದವರು ನೀವೇ ತಾನೆ?”

ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. “ಅಂದೆ. ಅನ್ನೋದು ಬೇರೆ, ಕದಿಯೋದು ಬೇರೆ. ನನ್ನ ಮೊಮ್ಮಗಳ ಬಾಯಿಗೆ ನಾನೇ ಬೀಗ ಹಾಕ್ತೀನಾ?” ಆಮೇಲೆ ಅವರು ಊಟಕ್ಕೇ ಬರಲಿಲ್ಲ.

ಗುಬ್ಬಿ ಹೋಗುತ್ತಿದ್ದ ಮಾತಿನ ತರಬೇತಿ ಕೇಂದ್ರಕ್ಕೆ ತಾಯಿ ಫೋನ್ ಮಾಡಿದಳು. “ಇಲ್ಲಿಲ್ಲ, ಮನೇಲೇ ಹುಡುಕಿ,” ಎಂದ ನಿರ್ದೇಶಕ. “ಮಗುವಿನ ಒಂದು ಸಾಮಾನು ನೋಡ್ಕೊಳ್ಳೋಕಾಗಲ್ಲ ನಿಮಗೆ. ಮಾತು ಹೇಗೆ ಬರುತ್ತೆ?”

ಆ ಮಾತು ಚುಚ್ಚಿತು. ಮಾತು ಬಾರದ, ಮೂರು ವರ್ಷದೊಳಗಿನ ಮಕ್ಕಳನ್ನು ಇಂಥ ಕೇಂದ್ರಕ್ಕೆ ಕಳಿಸುವ ಸರ್ಕಾರಿ ಯೋಜನೆಯ ಅಧಿಕಾರಿಗೆ ಅವಳು ಆ ಕೂಡಲೇ ಕರೆ ಮಾಡಿದಳು. ಮೊದಲು ಗುಬ್ಬಿಯನ್ನು ಪರೀಕ್ಷಿಸಿದ್ದವರೂ, ಮಾತಿನ ಬದಲು ಚಿತ್ರ ಬಳಸಲು ಹೇಳಿಕೊಟ್ಟಿದ್ದವರೂ ಆಕೆಯೇ. ಮರುದಿನ ಮನೆಗೇ ಬಂದರು.

“ಬಟ್ಟೆ ಕೊನೇ ಸಲ ನೋಡಿದ್ದು?”

“ನಿನ್ನೆ ಕೇಂದ್ರಕ್ಕೆ ಹೊರಡುವಾಗ. ನಾನೇ ಚೀಲಕ್ಕೆ ಹಾಕಿದ್ದೆ.”

“ವಾಪಸ್ ಬರುವಾಗ?”

“ನೋಡ್ಲಿಲ್ಲ ಮೇಡಂ. ಗುಬ್ಬಿ ಹಟ ಮಾಡ್ತಿದ್ಲು, ಎತ್ಕೊಂಡು ಬಂದ್ಬಿಟ್ಟೆ.”

“ಪಾಠ ನಡೆಯುವಾಗ ಚೀಲ ಒಳಗಿರುತ್ತೆ. ನೀವು?”

“ಹೊರಗೆ. ಅಮ್ಮಂದಿರು ಇದ್ರೆ ಮಕ್ಕಳ ಗಮನ ಕೆಡುತ್ತೆ ಅಂತ ಸರ್ ಬಾಗಿಲು ಹಾಕಿಸ್ತಾರೆ.”

ಅಧಿಕಾರಿಯ ಹುಬ್ಬು ಗಂಟಾಯಿತು. “ಮನೆಯವರು ಜೊತೇಲಿ ಕೂರಲೇಬೇಕು ಅನ್ನೋದೇ ನಿಯಮ. ನಿಮಗೆ ಯಾರೂ ಹೇಳ್ಲಿಲ್ವಾ?”

“ಇಲ್ಲ.”

“ಇತ್ತೀಚೆಗೆ ಗುಬ್ಬಿ ಬಟ್ಟೆ ಮೇಲೆ ಏನು ತೋರಿಸ್ತಿದ್ಲು?”

“ಕ್ಲಾಸಲ್ಲಿ ಏನು ಮಾಡ್ದೆ ಅಂದ್ರೆ ಟಿವಿ. ಯಾವಾಗ ಕೇಳಿದ್ರೂ ಟಿವಿ. ನಮ್ಮನೇದು ಕೆಟ್ಟು ಎಷ್ಟೋ ಕಾಲ ಆಯ್ತು. ಮೊನ್ನೆ ಸರ್ ಹತ್ರ ಹೇಳ್ಕೊಂಡು ನಕ್ಕೆ ಕೂಡ.”

“ಅವರೂ ನಕ್ರಾ?”

ತಾಯಿ ನೆನಪು ಮಾಡಿಕೊಂಡಳು. “ಇಲ್ಲ.”

ಅಧಿಕಾರಿ, ತಾಯಿ, ಗುಬ್ಬಿ ಮೂವರೂ ಕೇಂದ್ರಕ್ಕೆ ಹೋದರು. ಕರೆಯದಿದ್ದರೂ ಅತ್ತೆ ಹಿಂದೆಯೇ ಬಂದರು.

ಗೋಡೆಯ ಮೇಲೆ ಥೆರಪಿಸ್ಟೊಬ್ಬರ ಪ್ರಮಾಣಪತ್ರ ಗಾಜಿನೊಳಗೆ ಹೊಳೆಯುತ್ತಿತ್ತು. ನಿರ್ದೇಶಕ ನಗುನಗುತ್ತ ಎದ್ದು ಬಂದ. “ಒಂದು ಬಟ್ಟೆ ತುಂಡಿಗೆ ಇಷ್ಟು ದೂರ ಬಂದ್ರಾ ಮೇಡಂ? ಎಲ್ಲ ನಿಯಮದ ಪ್ರಕಾರವೇ ನಡೀತಿದೆ, ನೋಡಿ.”

ತಾಯಿ ಆ ಕೋಣೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಆಟಿಕೆಗಳು ಮಕ್ಕಳ ಕೈಗೆಟುಕದ ಎತ್ತರದಲ್ಲಿ ಧೂಳು ತಿನ್ನುತ್ತಿದ್ದವು. ಒಂದು ಪುಟ್ಟ ಕುರ್ಚಿ, ಒಂದು ಉಕ್ಕಿನ ಬೀರು. ಬಾಗಿಲ ಬಳಿ ಮಕ್ಕಳು ‘ಮಿಸ್’ ಎನ್ನುವ ಯುವತಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

“ಮಗೂನ ಕೆಳಗಿಳಿಸಿ,” ಎಂದರು ಅಧಿಕಾರಿ. “ಯಾರೂ ಏನೂ ಹೇಳ್ಬೇಡಿ.”

ಗುಬ್ಬಿ ನೇರ ಹೋಗಿ ಪುಟ್ಟ ಕುರ್ಚಿಯಲ್ಲಿ ಕೂತಳು. ಯಾರ ಮುಖವನ್ನೂ ನೋಡಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು, ಮುಚ್ಚಿದ ಬೀರುವನ್ನೇ ನೋಡುತ್ತ ಕಾದಳು.

ಅಧಿಕಾರಿ ನಿರ್ದೇಶಕನತ್ತ ತಿರುಗಿದರು.

“ಬೀರು ತೆಗೀರಿ.”

“ಹಳೇ ಕಾಗದ ಅಷ್ಟೇ ಮೇಡಂ. ಕೀಲಿ ಎಲ್ಲೋ—”

“ಕೀಲಿ ಯಾರ ಹತ್ರ ಇರುತ್ತೆ?” ಅಧಿಕಾರಿ ಕೇಳಿದ್ದು ಮಿಸ್ಸನ್ನು.

“ಸರ್ ಹತ್ರ. ಅವರ ಹತ್ರ ಮಾತ್ರ.”

ಬೀರು ತೆರೆಯಿತು. ಒಳಗೆ ಟಿವಿ. ಅದರ ಹಿಂದೆ, ಮಡಚಿ ತುರುಕಿದ್ದ ಜೇಬುಗಳ ಬಟ್ಟೆ.

“ನೀವು ಮನೆಯವರ ಮೇಲೆ ಅನುಮಾನ ಪಟ್ಟಿರಿ,” ಎಂದರು ಅಧಿಕಾರಿ ತಾಯಿಗೆ. “ಕುರ್ಚಿ ಯಾವ ಕಡೆ ಮುಖ ಮಾಡಿದೆ ಅಂತ ನೋಡೋಕೆ ನಿಮ್ಮನ್ನ ಒಳಗೇ ಬಿಡ್ಲಿಲ್ಲ. ಮಾತು ಕಲಿಸೋರು ಮಗುವಿನ ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ಕೂರಬೇಕು. ತುಟಿ ಕಾಣಬೇಕು. ಇಲ್ಲಿ ಎದುರಿಗೆ ಕೂರೋಕೆ ಜಾಗವೇ ಇಲ್ಲ. ಕುರ್ಚಿ ಕಾಲು ಉಜ್ಜಿ ನೆಲ ಸವೆದಿರೋದು ಬೀರುವಿನ ಮುಂದೆ ಮಾತ್ರ. ಎಲ್ಲಿ ಸರ್, ಗೋಡೆ ಮೇಲೆ ಪ್ರಮಾಣಪತ್ರ ಹಾಕಿರೋ ಥೆರಪಿಸ್ಟ್?”

ಮಿಸ್ ಅಳತೊಡಗಿದಳು. “ಅವರು ಬಿಟ್ಟುಹೋಗಿ ತುಂಬ ಕಾಲ ಆಯ್ತು. ನಾನು ಆಯಾ ಕೆಲಸಕ್ಕೆ ಸೇರಿದ್ದು ಮೇಡಂ. ಮಕ್ಕಳನ್ನ ಕೂರಿಸಿ ಟಿವಿ ಹಾಕು ಅಂದ್ರು. ನಿನ್ನೆ ಆ ಚೀಲ ತಗೊಂಡು ಬಾ ಅಂದ್ರು. ತಂದ್ಕೊಟ್ಟೆ.”

“ಎರಡೂವರೆ ವರ್ಷದ ಮಗು,” ಎಂದ ನಿರ್ದೇಶಕ. ದನಿ ಏರಿತು. “ಅದಕ್ಕೇನು ಗೊತ್ತಾಗುತ್ತೆ?”

“ಗೊತ್ತಾಗಿದ್ದಕ್ಕೇ ತಾನೆ ನೀವು ಬಟ್ಟೆ ಕದ್ದಿದ್ದು?” ಎಂದರು ಅಧಿಕಾರಿ. “ ಮಗು ಚಾಡಿ ಹೇಳ್ತಿತ್ತು. ನೀವು ಅದರ ಬಾಯನ್ನೇ ಕಿತ್ಕೊಂಡ್ರಿ.”

“ಥೂ,” ಎಂದರು ಅತ್ತೆ. ಅಷ್ಟೇ.

ತಾಯಿ ಬಟ್ಟೆಯನ್ನು ಕೊಡವಿ ಮಗಳಿಗೆ ಕೊಟ್ಟಳು. ಆಮೇಲೆ ನಿರ್ದೇಶಕನ ಎದುರಿಗೆ ಬಂದಳು. “ಬಟ್ಟೆ ಸಿಕ್ತು ಸರ್. ಇವಳಿಗೆ ಮೂರು ತುಂಬಿದ್ರೆ ಯೋಜನೆಯಿಂದ ಹೊರಗೆ. ಮಾತು ಹತ್ತೋ ವಯಸ್ಸು ಇದು. ಇಲ್ಲಿ ಕಳೆದ ಆ ದಿನಗಳನ್ನ ಯಾವ ಬೀರುವಲ್ಲಿ ಇಟ್ಟಿದ್ದೀರಿ? ಅದನ್ನೂ ತೆಗೀರಿ.”



ಕೇಂದ್ರಕ್ಕೆ ಬೀಗ ಬಿತ್ತು, ಅವನ ಮೇಲೆ ದೂರು ದಾಖಲಾಯಿತು. ಅರ್ಹತೆಯಿದ್ದ ಬೇರೊಬ್ಬ ಥೆರಪಿಸ್ಟ್ ಮನೆಗೇ ಬಂದು ನೆಲದ ಮೇಲೆ ಕೂತು, ಅತ್ತೆಯನ್ನೂ ಪಕ್ಕಕ್ಕೆ ಕೂರಿಸಿಕೊಂಡರು. “ತಪ್ಪಾಯ್ತು ಅತ್ತೆ,” ಎಂದಳು ತಾಯಿ. “ಅದಿರ್ಲಿ ಬಿಡು. ಆ ಮನುಷ್ಯನಿಗೆ ಇನ್ನೂ ನಾಲ್ಕು ಮಾತು ಆಡೋದಿತ್ತು ನನಗೆ,” ಎಂದರು ಅವರು.

ಆದರೆ ತಾಯಿಯ ಸಿಟ್ಟು ಇಳಿಯಲಿಲ್ಲ. ಅದೇ ಕೇಂದ್ರಕ್ಕೆ ಮಕ್ಕಳನ್ನು ಕಳಿಸಿದ್ದ ಉಳಿದ ತಾಯಂದಿರನ್ನೂ ಕರೆದುಕೊಂಡು ಕಚೇರಿಗೆ ಹೋದಳು. ಕಳೆದುಹೋದಷ್ಟು ಕಾಲವನ್ನು ಈ ಮಕ್ಕಳಿಗೆ ಸೇರಿಸಿ ಕೊಡಿ ಎಂದಳು.

“ಮೂರು ತುಂಬಿದ ಮೇಲೆ ನಿಯಮದಲ್ಲಿ ಅವಕಾಶ ಇಲ್ಲಮ್ಮ,” ಎಂದರು ಅಧಿಕಾರಿ, ಬೇಸರದಿಂದ.

“ನಿಯಮ ಮುರಿಯೋನಿಗೆ ಇಷ್ಟು ದಿನ ಅವಕಾಶ ಇತ್ತಲ್ಲ ಮೇಡಂ. ಈ ಮಕ್ಕಳಿಗೂ ಮಾಡ್ಕೊಡಿ. ಮೇಲಿನವರಿಗೆ ಬರೀರಿ.”

ಅಧಿಕಾರಿ ಒಂದು ಖಾಲಿ ಹಾಳೆ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದರು.