ಹನ್ನೆರಡು ಅಂಕಿಯ ಬೀಗ

ಉಕ್ಕಿನ ಬಾಗಿಲನ್ನು ಒಳಗಿನಿಂದ ಯಾರೋ ಬಡಿಯುತ್ತಿದ್ದರು. ಸಮರ್‌ಖಂಡದ ಗಣಿತ ಸಂಸ್ಥೆಯ ನೆಲಮಾಳಿಗೆ. ಹಸ್ತಪ್ರತಿಗಳ ಕೋಣೆಯಲ್ಲಿ ಅದರ ಮೇಲ್ವಿಚಾರಕಿ ಜೆಬೊ ಸಿಕ್ಕಿಬಿದ್ದಿದ್ದಳು. ಬೀಗದ ಸಂಖ್ಯೆಯನ್ನು ಯಾರೋ ಬದಲಾಯಿಸಿದ್ದರು.

ಪೊಲೀಸ್ ಕ್ಯಾಪ್ಟನ್ ನೊದಿರಾ ಬಾಗಿಲಿಗೆ ಕಿವಿಗೊಟ್ಟಳು. ಬಡಿತ ಸೋಲುತ್ತಿತ್ತು.

“ಒಳಗೆ ಗಾಳಿ?”

“ಒಂದು ಗಂಟೆ ಬಂದ್ರೆ ಹೆಚ್ಚು,” ಎಂದಳು ನಿರ್ದೇಶಕಿ ಮುಕರ್ರಮ್. “ಬಾಗಿಲು ಕೊರೆಯೋಕೆ ಐದು ಗಂಟೆ ಬೇಕು. ಎರಡು ಸಲ ತಪ್ಪು ಸಂಖ್ಯೆ ಒತ್ತಿದ್ದಾಯ್ತು. ಇನ್ನೊಂದು ತಪ್ಪಿದ್ರೆ ಬೀಗ ನಾಳೆವರೆಗೂ ತೆರೆಯಲ್ಲ.”

ಸಂಖ್ಯೆ ಬದಲಾಯಿಸಬಲ್ಲವರು ಮೂವರೇ, ಮೂವರೂ ಅಲ್ಲೇ ನಿಂತಿದ್ದರು. ಮುಕರ್ರಮ್, ಕಾವಲುಗಾರ ತೊಹಿರ್, ಮತ್ತು ಊರೆಲ್ಲ ದೊಮ್ಲಾ ಎಂದು ಕೈಮುಗಿಯುವ ಹಿರಿಯ ಗುರುಗಳು ಜೊಕಿರ್.

“ತೊಹಿರ್, ಬೆಳಿಗ್ಗೆ ಅವಳ ಜೊತೆ ಜಗಳ ಆಡಿದ್ಯಂತೆ?”

“ನನ್ನ ಸೋಮ್ಸಾ ತಿಂದುಬಿಟ್ಲು, ಬೈದೆ. ಅದಕ್ಕೆಲ್ಲ ಕೊಲ್ತಾರಾ ಅಕ್ಕಾ? ಹನ್ನೆರಡು ಅಂಕಿ ಕಟ್ಟೋ ತಲೆ ಇದ್ದಿದ್ರೆ ನಾನ್ಯಾಕೆ ಈ ಬಾಗಿಲು ಕಾಯ್ತಿದ್ದೆ?”

ಮಾತು ನಿಜವಿತ್ತು. ನೊದಿರಾ ಮೆಟ್ಟಿಲು ಹತ್ತಿ ಹೊರಗೆ ಹೋದಳು.

*

ಬಂದಾಗ ಕೈಯಲ್ಲಿ ಫೋನಿತ್ತು.

“ಬೀಗದ ಕಂಪನಿಯವರು ಮಾತಾಡಿದ್ರು. ಹೊಸ ಸಂಖ್ಯೆ ಪೂರ್ತಿ ಸಿಗಲಿಲ್ಲವಂತೆ. ಮೂರರಿಂದ ಭಾಗ ಹೋಗುತ್ತೆ ಅನ್ನೋದು ಮಾತ್ರ ಗ್ಯಾರಂಟಿಯಂತೆ.”

“ಅಷ್ಟರಿಂದ ಏನಾಗುತ್ತೆ?” ಮುಕರ್ರಮ್ ಅಳುವಂತಾದಳು. ತೊಹಿರ್ ಬಾಗಿಲನ್ನೇ ನೋಡುತ್ತಿದ್ದ.

“ಯಾವ ಗಮಾರ ಹೇಳಿದ್ದು?” ದೊಮ್ಲಾ ಸಿಡುಕಿದರು. “ಮೂರರಿಂದಲ್ಲ, ಅದು ಯಾವುದರಿಂದಲೂ ಭಾಗ ಹೋಗಲ್ಲ!”

ನೊದಿರಾ ಅವರತ್ತ ತಿರುಗಿದಳು.

“ಯಾವುದು, ದೊಮ್ಲಾ?”

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಬೋನಿಗೆ ತಾವಾಗಿಯೇ ಕಾಲಿಟ್ಟದ್ದು ಅವರಿಗೂ ತಿಳಿದಿತ್ತು.

“ಇವರೇ ಇಟ್ಟಿದ್ದಾದ್ರೆ ನನಗೆ ಗೊತ್ತು!” ಮುಕರ್ರಮ್ ಬೀಗದತ್ತ ಓಡಿದಳು. “ಆರು ಸಲ ಒಂಬತ್ತು, ಐದು ಸಲ ಸೊನ್ನೆ, ಕೊನೆಗೆ ಒಂದು. ಒಂದನ್ನ ಅದರಿಂದ ಭಾಗಿಸಿದ್ರೆ ದಶಾಂಶ ಮೂವತ್ತಾರು ಅಂಕಿಗೊಮ್ಮೆ ಮೊದಲಿಂದ ಶುರುವಾಗುತ್ತೆ. ಹಾಗೆ ತಿರುಗೋ ಅವಿಭಾಜ್ಯ ಅದೊಂದೇ. ಮೂವತ್ತು ವರ್ಷ ಪ್ರತಿ ತರಗತಿಯಲ್ಲೂ ಅದನ್ನೇ ಹೊಗಳಿದ್ದಾರೆ.”

ಬಾಗಿಲು ತೆರೆಯಿತು. ಜೆಬೊ ತೊಹಿರನ ತೋಳಿಗೆ ಬಿದ್ದಳು. ಉಸಿರಿತ್ತು.

*

“ಕಂಪನಿಯಿಂದ ಯಾರೂ ಫೋನ್ ಮಾಡಿರಲಿಲ್ಲ,” ನೊದಿರಾ ದೊಮ್ಲಾರಿಗೆ ಬೇಡಿ ಹಾಕುತ್ತ ಹೇಳಿದಳು. “ಮನುಷ್ಯರ ಹತ್ರ ನೀವು ಎಷ್ಟು ಬೇಕಾದ್ರೂ ಸುಳ್ಳು ಹೇಳಬಲ್ಲಿರಿ. ಸಂಖ್ಯೆ ಬಗ್ಗೆ ಯಾರಾದ್ರೂ ಸುಳ್ಳು ಹೇಳಿದ್ರೆ ಮಾತ್ರ ನಿಮಗೆ ತಡೆಯೋಕಾಗಲ್ಲ. ಸಂಖ್ಯೆ ಗೊತ್ತಿಲ್ಲದವರು ಅದು ಭಾಗ ಹೋಗಲ್ಲ ಅಂತ ಹೇಳೋದು ಹೇಗೆ? ಯಾಕೆ ಮಾಡಿದ್ರಿ?”

“ತೀರಿಕೊಂಡ ನನ್ನ ಗೆಳೆಯ ಹಮೀದನ ನೋಟ್‌ಬುಕ್ ಈ ಜೆಬೊಗೆ ಸಿಕ್ಕಿತ್ತು. ನನಗೆ ಹೆಸರು ತಂದ ಪ್ರಮೇಯ ಮೊದಲ ಪುಟದಲ್ಲೇ ಇದೆ. ಅದು ಹೊರಗೆ ಬಂದಿದ್ರೆ ಜನ ನನ್ನನ್ನ ಕಳ್ಳ ಅಂತಿದ್ರು.”

ಜೆಬೊ ಎದೆಗವಚಿಕೊಂಡಿದ್ದ ನೋಟ್‌ಬುಕ್ ಬಿಡಿಸಿದಳು. “ಕೊನೇ ಪುಟ ನೋಡ್ಲೇ ಇಲ್ವಲ್ಲ ದೊಮ್ಲಾ. ತೋರಿಸೋಣ ಅಂತಲೇ ನಿಮ್ಮನ್ನ ಕರೆದಿದ್ದೆ.”

ಅಲ್ಲಿ ಹಮೀದನ ಕೈಬರಹವಿತ್ತು: ‘ಇಲ್ಲಿಗೆ ನಾನು ಸೋತೆ. ಈ ಪ್ರಮೇಯದ ಸಾಧನೆ ಪೂರ್ತಿ ಜೊಕಿರನದು.’

ದೊಮ್ಲಾ ಎರಡು ಸಲ ಓದಿದರು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತರು.