ಮೂಳೆ ಕಣಿವೆಗೆ ಇಬ್ಬರು

“ಇದರಲ್ಲಿ ಇಬ್ಬರೇ ಹೋಗಬೇಡಿ ಮಗಾ. ಒಬ್ಬನೇ ಹೋಗು, ಇಲ್ಲಾಂದ್ರೆ ಇನ್ನೊಬ್ಬರನ್ನ ಹತ್ತಿಸ್ಕೋ,” ಎಂದಳು ಮುದುಕಿ ಎಲೋಯ್ಸಾ.

ವೆಂಡೆಲ್ ಟ್ರಕ್ಕಿನ ಮೂತಿ ಸವರುತ್ತ ನಕ್ಕ. ಓಹಾಯೋ ಬಿಟ್ಟು ಅರಿಜೋನಾಕ್ಕೆ ಬಂದು ಒಂದು ಚಳಿಗಾಲವಷ್ಟೇ ಕಳೆದಿತ್ತು. ನಾಲ್ಕು ಚಕ್ರವೂ ಎಳೆಯುವ ಇಂಥ ಹಳೆಯ ಟ್ರಕ್ಕಿಗಾಗಿ ಅವನು ಊರೂರು ಅಲೆದಿದ್ದ. ಹಸಿರು ಬಣ್ಣ ಬಿಸಿಲಿಗೆ ಬಿಳಚಿಕೊಂಡಿದ್ದರೂ ಎಂಜಿನ್ನು ಒಂದೇ ತಿರುವಿಗೆ ಗುರುಗುಟ್ಟಿತ್ತು.

“ಮೂರು ಜನ ಕೂತರೆ ದೆವ್ವಕ್ಕೆ ಜಾಗ ಸಾಲಲ್ವಾ?”

ಎಲೋಯ್ಸಾ ನಗಲಿಲ್ಲ. ಅವಳ ಅಪ್ಪ, ಚಿಕ್ಕಪ್ಪ ಇದೇ ಟ್ರಕ್ಕಿನಲ್ಲಿ ಮೂಳೆ ಕಣಿವೆಗೆ ಹರಳು ಅಗೆಯಲು ಹೋಗುತ್ತಿದ್ದರು. ಒಮ್ಮೆ ಅಪ್ಪ ಒಬ್ಬನೇ ಮರಳಿದ. ತಮ್ಮ ಏನಾದನೆಂದು ಸಾಯುವವರೆಗೂ ಬಾಯಿ ಬಿಡಲಿಲ್ಲ. ಚಿಕ್ಕಮ್ಮ ಗಡಿಯಾಚೆಯಿಂದ ಮಾಟಗಾತಿಯನ್ನು ಕರೆಸಿದಳು.

“ಪಕ್ಕ ಕೂತವರನ್ನ ನಂಬದ ಹಾಗಾಗ್ಲಿ ಅಂತ ಮಾಡಿಸಿದ್ಲು. ಸೀಟಿನಡಿ ಅಂಟಿಸಿರೋದನ್ನ ಎಷ್ಟು ಸಲ ಕಿತ್ತು ಎಸೆದೆನೋ, ಮತ್ತೆ ಅಲ್ಲೇ ಇರುತ್ತೆ. ಗುಜರಿಗೆ ಹಾಕು ಅಂದ್ರೆ ನನ್ನ ಮಗ ಕೇಳಲ್ಲ, ಮಾರೋಕೇ ಹೊರಟಿದ್ದಾನೆ.”

ವೆಂಡೆಲ್ ಸೀಟಿನಡಿ ಕೈ ತೂರಿಸಿದ. ಸ್ಪ್ರಿಂಗಿಗೆ ಅಂಟಿದ್ದ ಕರಿ ಮೇಣದ ಉಂಡೆ ಕಿತ್ತು ಬಂತು. ಒಳಗಿಂದ ಕೂದಲು ಇಣುಕುತ್ತಿತ್ತು. ತುಕ್ಕು ಹಿಡಿದ ಎರಡು ಮೊಳೆ, ಒಂದಕ್ಕೊಂದು ಬೆನ್ನು ಮಾಡಿ ಅದಕ್ಕೆ ಚುಚ್ಚಿಕೊಂಡಿದ್ದವು. ಜೊತೆಗೆ ಬಂದಿದ್ದ ಹೆಂಡತಿ ನೊರೀನ್‌ಗೆ ಅದನ್ನು ತೋರಿಸಿ ಬೇಲಿಯಾಚೆ ಬೀಸಿ ಒಗೆದ.

ಶನಿವಾರ ಗುಡಾರ, ನೀರಿನ ಕ್ಯಾನುಗಳು, ಬೀನ್ಸಿನ ಡಬ್ಬಿಗಳನ್ನು ಹೇರಿಕೊಂಡು ಅವರಿಬ್ಬರೇ ಮೂಳೆ ಕಣಿವೆಗೆ ಹೊರಟರು.

ಕಣಿವೆಯ ಬಾಯಲ್ಲಿ ಫೋನು ಸತ್ತಿತು. ಅಲ್ಲಿಂದ ಮುಂದೆ ದಾರಿಯೆಂದರೆ ಒಣಹಳ್ಳದ ಮರಳು. ಬಂಡೆಗಳ ನಡುವೆ ಟ್ರಕ್ಕು ಒಂದನೇ ಗೇರಿನಲ್ಲಿ ನರಳುತ್ತ ತೆವಳಿತು. ಮಧ್ಯಾಹ್ನದ ಹೊತ್ತಿಗೆ ಒಳಗೆ ಸುಟ್ಟ ಕೂದಲಿನ ನಾತ ತುಂಬಿತು. ವೈರೇನಾದರೂ ಸುಟ್ಟಿತೇ ಎಂದು ವೆಂಡೆಲ್ ಗಾಡಿ ನಿಲ್ಲಿಸಿ ಸೀಟಿನಡಿ ತಡಕಿದ. ಬೆರಳಿಗೆ ಮೇಣ ಮೆತ್ತಿತು.

ಅದೇ ಉಂಡೆ. ಅದೇ ಮೊಳೆಗಳು. ಜೀವವಿರುವಂತೆ ಬೆಚ್ಚಗಿತ್ತು.

ಮಾಟ ಎಂಬುದು ಸುಳ್ಳು. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಹಾಗಾದರೆ ಇದನ್ನು ಯಾರೋ ಹೆಕ್ಕಿ ತಂದಿಟ್ಟಿದ್ದಾರೆ. ಮುದುಕಿ ಅವರ ಮನೆಯತ್ತ ಸುಳಿದಿರಲಿಲ್ಲ. ಟ್ರಕ್ಕಿಗೆ ಸಾಮಾನು ತುಂಬಿದವಳು ನೊರೀನ್.

“ಏನು ಸಿಕ್ತು?” ಎಂದಳು ಅವಳು.

“ಏನಿಲ್ಲ.” ತನಗೆ ಗೊತ್ತಾಗಿದೆಯೆಂದು ಅವಳಿಗೆ ತಿಳಿಯಬಾರದು. ಉಂಡೆಯನ್ನು ಅಲ್ಲೇ ಒತ್ತಿದ.

“ಕೈಯೆಲ್ಲಾ ಕಪ್ಪಾಗಿದೆ.”

“ಗ್ರೀಸು.”

ಅವಳು ಆ ಕೈಯನ್ನೇ ನೋಡಿದಳು. ಅವನು ಕೀ ತೆಗೆದು ಜೇಬಿಗಿಟ್ಟುಕೊಂಡ.

“ಕೀ ಯಾಕೆ ಕಿತ್ಕೊಂಡೆ? ನಾನೇನು ನಿನ್ನ ಬಿಟ್ಟು ಓಡಿಸ್ಕೊಂಡು ಹೋಗ್ತೀನಾ?”

“ಹೋಗ್ತೀಯಾ?”

ಅವಳು ಬಾಗಿಲ ಕಡೆಗೆ ಸರಿದು ಕೂತಳು. ಬೇರೆ ಯಾರನ್ನೂ ಕರೆಯೋದು ಬೇಡ ಅಂದವಳು ಅವಳೇ ಅಲ್ಲವೇ? ಇಲ್ಲ, ತಾನೇ ಅಂದಿದ್ದನೋ? ನೆನಪಾಗಲಿಲ್ಲ.

ಆಗ ದಕ್ಷಿಣದಿಂದ ಧೂಳು ಎದ್ದು ಬಂತು. ಕಂದು ಗೋಡೆಯೊಂದು ಬೆಟ್ಟಗಳನ್ನು ನುಂಗುತ್ತ ಬಂದು ಸೂರ್ಯನನ್ನೂ ನುಂಗಿತು. ಹಗಲಲ್ಲೇ ಕಗ್ಗತ್ತಲೆ. ಮರಳು ಗಾಜನ್ನು ಕೆರೆಯುತ್ತಿತ್ತು. ನಾತ ಗಂಟಲಿಗಿಳಿಯಿತು.

“ಟಾರ್ಪಾಲು ಹಾರ್ತಿದೆ. ಕಟ್ಟಿ ಬರ್ತೀನಿ,” ಎಂದು ನೊರೀನ್ ಇಳಿದಳು.

ವೆಂಡೆಲ್ ಕಿವಿಗೊಟ್ಟ. ಹಿಂದೆ ಟಕ್, ಟಕ್. ಕಬ್ಬಿಣಕ್ಕೆ ಕಬ್ಬಿಣ. ಟಾರ್ಪಾಲು ಕಟ್ಟಲು ಕಬ್ಬಿಣವೇಕೆ? ಚಕ್ರದ ನಟ್ಟು ಬಿಚ್ಚುತ್ತಿದ್ದಾಳೆ. ಟಕ್. ಸದ್ದು ನಿಂತಿತು. ಬರುತ್ತಿದ್ದಾಳೆ. ಕೈಯಲ್ಲಿ ಏನೋ ಇದೆ. ಜೇಬಿನಿಂದ ಕೀ ತೆಗೆದು ತಿರುಗಿಸಿದ. ಗೇರು ಬಿತ್ತು. ಹಿಂದೆ ಒಂದು ಕೂಗು. ಅವನು ನಿಲ್ಲಿಸಲಿಲ್ಲ.

ಒಂದೆರಡು ಮೈಲಿ ಹೋಗುವಷ್ಟರಲ್ಲಿ ಜ್ವರ ಬಿಟ್ಟಂತೆ ತಲೆ ತಿಳಿಯಾಯಿತು. ನಾತವಿಲ್ಲ. ಪಕ್ಕದ ಸೀಟಿನ ಮೇಲೆ ಅವಳ ಟೋಪಿ ಇತ್ತು. ತಾನು ಮಾಡಿದ್ದೇನೆಂದು ಆಗ ಅರಿವಾಯಿತು. ಧೂಳಿನಲ್ಲಿ ಕುರುಡನಂತೆ ದಾರಿ ತಡಕುತ್ತ ಹಿಂದಿರುಗಿದ.

ನೊರೀನ್ ಬಂಡೆಯ ಸಂದಿಯಲ್ಲಿ ಮುದುಡಿ ಕೆಮ್ಮುತ್ತಿದ್ದಳು. ಟಾರ್ಪಾಲಿನ ಹಗ್ಗದ ಕಬ್ಬಿಣದ ಕೊಕ್ಕೆಯನ್ನು ಬಡಿದು ಕೂರಿಸಿದ ಸುತ್ತಿಗೆ ಇನ್ನೂ ಕೈಯಲ್ಲಿತ್ತು.

“ಹತ್ತಿರ ಬರಬೇಡ.”

“ಅದು ನಾನಲ್ಲ ನೊರೀನ್. ಆ ಮುದುಕಿ ಹೇಳಿದ್ದು ನಿಜ. ಒಬ್ಬನೇ ಆದ್ಮೇಲೆ ಎಲ್ಲಾ ಸರಿಹೋಯ್ತು.”

“ಹಾಗಾದ್ರೆ ನಾನೂ ಒಬ್ಬಳೇ ಹೋಗ್ತೀನಿ. ಕೀ ನೆಲದ ಮೇಲಿಡು.”

ಇಟ್ಟ. ಅವಳು ನೀರಿನ ಕ್ಯಾನೊಂದನ್ನು ಕೆಳಗಿಳಿಸಿದಳು. “ಜನ ಕಳಿಸ್ತೀನಿ,” ಎಂದಳು, ಅವನ ಮುಖ ನೋಡದೆ.

ಎಂಜಿನ್ನಿನ ಸದ್ದು ಅಡಗಿತು. ಗಾಳಿಯೂ ಅಡಗಿತು. ವೆಂಡೆಲ್ ಮೊದಲಿಗೆ ನಿರಾಳವಾಗಿಯೇ ಕೂತ. ಒಬ್ಬಳೇ ಇರುವವಳಿಗೆ ಮಾಟ ತಟ್ಟದು. ಆದರೆ ಅವಳು ಯಾರನ್ನೂ ಕಳಿಸದಿದ್ದರೆ? ಅದು ಮಾಟದ ಕೆಲಸವಾಗಿರುವುದಿಲ್ಲ, ಅವಳ ಸೇಡಾಗಿರುತ್ತದೆ. ಅವಳನ್ನು ಇಲ್ಲಿ ಬಿಟ್ಟು ಹೋದವನು ತಾನು. ಕ್ಯಾನಿನ ಮುಚ್ಚಳ ಸಡಿಲವಾಗಿದ್ದುದು ಅವನಿಗೆ ಆಗ ಕಂಡಿತು. ಬಗ್ಗಿ ಮೂಸಿದ. ಸುಟ್ಟ ಕೂದಲಿನ ನಾತ. ನೀರಿನದೋ, ತನ್ನ ಬೆರಳಿನದೋ ತಿಳಿಯಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ಪೊಲೀಸ್ ಜೀಪು ಬಂತು.

“ನಿಮ್ಮ ಹೆಂಡ್ತಿ ಫೋನ್ ಮಾಡಿದ್ರು. ಬಂಡೆ ಗುರುತು ಸಮೇತ ಹೇಳಿದ್ರು,” ಎಂದ ಪೊಲೀಸಿನವನು.

“ಅವಳೆಲ್ಲಿ?”

“ಅಕ್ಕನ ಮನೆಗೆ ಹೋದ್ರು. ನಿಮ್ಮ ಜೊತೆ ಇನ್ನು ಇರಲ್ಲ ಅಂತ ಹೇಳೋಕೆ ಹೇಳಿದ್ರು.” ಅವನು ಕ್ಯಾನು ಎತ್ತಿ ನೋಡಿದ. ಅದು ತುಂಬಿತ್ತು. “ತುಟಿ ಒಡೆದು ರಕ್ತ ಬರ್ತಿದೆ ನಿಮ್ಗೆ. ಇಷ್ಟು ನೀರಿಟ್ಕೊಂಡು ಯಾಕೆ ಕುಡೀಲಿಲ್ಲ?”

ಪೊಲೀಸಿನವನು ತನ್ನ ಬಾಟಲಿಯ ಬಿರಡೆ ತೆಗೆದು ಅವನ ಕೈಗಿತ್ತ. ವೆಂಡೆಲ್ ಅದನ್ನು ಮೂಸಿದ. ಅವನ ಕಣ್ಣು ಪೊಲೀಸಿನವನ ಮುಖದಿಂದ ಕೈಗೆ, ಕೈಯಿಂದ ಸೊಂಟದ ಪಿಸ್ತೂಲಿಗೆ ಸರಿಯಿತು. ನಂತರ ಬಾಟಲಿಯನ್ನು ಹಿಂದಕ್ಕೆ ಚಾಚಿದ.

“ಮೊದಲು ನೀವು ಕುಡೀರಿ.”